ಎರಡೂ ಕಡೆ ಆಡುವ ಆಟಗಾರರೊಂದಿಗೆ ನೋ-ಹಡಲ್ ದಾಳಿ ನಡೆಸುವ ಕ್ರಮ

ಅಮೆರಿಕದ ಸಣ್ಣ ಹೈಸ್ಕೂಲುಗಳ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ತಂಡಗಳಲ್ಲಿ ದಾಳಿಗೆ ಒಂದು ಪಡೆ, ರಕ್ಷಣೆಗೆ ಇನ್ನೊಂದು ಪಡೆ ಎಂಬ ಅನುಕೂಲ ಇರುವುದಿಲ್ಲ. ಚೆಂಡು ಹಿಡಿದು ಓಡಿದ ರನ್ನಿಂಗ್ ಬ್ಯಾಕ್ ಮರುಕ್ಷಣವೇ ಲೈನ್‌ಬ್ಯಾಕರ್ ಆಗಿ ಎದುರಾಳಿಯನ್ನು ಕೆಡವಬೇಕಾಗುತ್ತದೆ. ಇಂಥ ತಂಡದ ಕೋಚ್ ನೋ-ಹಡಲ್ (ಪ್ಲೇಗಳ ನಡುವೆ ಗುಂಪುಗೂಡದೆಯೇ ಆಡುವ ಕ್ರಮ) ಎಂಬ ಮಾತು ಕೇಳಿದೊಡನೆ ಹಿಂಜರಿಯುವುದು ಸಹಜವೇ, ಆದರೆ ಆ ಹಿಂಜರಿಕೆಯ ಬೇರು ಒಂದು ತಪ್ಪು ತಿಳಿವಳಿಕೆಯಲ್ಲಿದೆ. ಹಡಲ್ ಕಟ್ಟದಿರುವುದು ಬೇರೆ, ಅವಸರಪಡುವುದು ಬೇರೆ. ಮೊದಲನೆಯದು ಆಟಗಾರನ ಶಕ್ತಿಯನ್ನು ಉಳಿಸುತ್ತದೆ, ಎರಡನೆಯದು ಅದನ್ನು ಖರ್ಚು ಮಾಡುತ್ತದೆ.

ಹಡಲ್ ಕಟ್ಟುವ ತಂಡದಲ್ಲಿ ಪ್ರತಿ ಪ್ಲೇ (ಚೆಂಡು ಆಟಕ್ಕಿಳಿದು ನಿಲ್ಲುವವರೆಗಿನ ಒಂದು ತುಣುಕು) ಮುಗಿದ ಮೇಲೆ ಹನ್ನೊಂದು ಮಂದಿಯೂ ಹಿಂದಕ್ಕೆ ನಡೆದು, ಗುಂಪುಗೂಡಿ, ಮುಂದಿನ ಪ್ಲೇ ಯಾವುದೆಂಬ ಕರೆ ಕೇಳಿಸಿಕೊಂಡು, ಮತ್ತೆ ತಮ್ಮ ಜಾಗಕ್ಕೆ ಓಡಬೇಕು. ಅಂಚಿನಲ್ಲಿ ನಿಂತು ಪಾಸ್ ಹಿಡಿಯುವ ರಿಸೀವರ್‌ಗೆ ಈ ಓಡಾಟವೇ ಒಂದು ಪಂದ್ಯದಷ್ಟು ದಣಿವು ತರಬಲ್ಲದು. ನೋ-ಹಡಲ್‌ನಲ್ಲಿ ಆತ ನೇರವಾಗಿ ತನ್ನ ಜಾಗಕ್ಕೆ ಬಂದು, ಮೊಣಕಾಲಿನ ಮೇಲೆ ಕೈಯೂರಿ, ಕೋಚ್‌ನ ಸನ್ನೆಗಾಗಿ ಸೈಡ್‌ಲೈನಿನತ್ತ ನೋಡುತ್ತ ಉಸಿರು ತೆಗೆದುಕೊಳ್ಳುತ್ತಾನೆ. ರಾಷ್ಟ್ರೀಯ ಹೈಸ್ಕೂಲ್ ನಿಯಮಾವಳಿ 2019ರಿಂದ ಸಾಮಾನ್ಯ ಪ್ಲೇಗಳ ನಡುವೆ 40 ಸೆಕೆಂಡುಗಳ ಪ್ಲೇ ಕ್ಲಾಕ್ (ಮುಂದಿನ ಪ್ಲೇ ಆರಂಭಿಸಲು ಇರುವ ಗಡುವು) ಕೊಟ್ಟಿದೆ, ಮತ್ತು ಆ ಸಮಯವನ್ನು ಪೂರ್ತಿ ಬಳಸಿಕೊಳ್ಳಲು ಹಡಲ್ ಕಟ್ಟದ ತಂಡಕ್ಕೂ ಅಷ್ಟೇ ಹಕ್ಕಿದೆ.

ಹಾಗಾಗಿ ಮೊದಲು ವೇಗವನ್ನು ಎರಡು ಬಗೆಯಾಗಿ ವಿಂಗಡಿಸಿಕೊಳ್ಳಿ. ತಂಡದ ಸಹಜ ವೇಗ ನಿಧಾನದ್ದಾಗಿರಲಿ: ಎಲ್ಲರೂ ಬೇಗ ಸಾಲುಗೂಡಿ, ಎದುರಾಳಿ ಹೇಗೆ ನಿಂತಿದ್ದಾನೆಂದು ಕೋಚ್ ನೋಡಿದ ಮೇಲೆ ಕರೆ ಪಡೆದು, ಕ್ಲಾಕಿನಲ್ಲಿ 10 ಸೆಕೆಂಡಿಗಿಂತ ಕಡಿಮೆ ಉಳಿದಾಗ ಸ್ನ್ಯಾಪ್ ಮಾಡಬೇಕು, ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ಲೇ ಆರಂಭಿಸಬೇಕು. ತುರ್ತಿನ ವೇಗವನ್ನು ಆಯ್ದ ಗಳಿಗೆಗಳಿಗೆ ಮೀಸಲಿಟ್ಟು, ಒಮ್ಮೆಗೆ ಮೂರು ನಾಲ್ಕು ಪ್ಲೇಗಳಿಗೆ ಸೀಮಿತಗೊಳಿಸಿ. ದೊಡ್ಡ ಓಟವೊಂದು ಫಲಿಸಿ ಎದುರಾಳಿ ಸಾಲು ಚದುರಿರುವಾಗ, ಕ್ವಾರ್ಟರ್ ಬದಲಾವಣೆಯಲ್ಲಿ ನಿಮ್ಮವರಿಗೆ ವಿಶ್ರಾಂತಿ ಸಿಕ್ಕ ಬೆನ್ನಿಗೆ, ಅಥವಾ ಎದುರಾಳಿಯ ಮುಂಚೂಣಿಯ ಲೈನ್‌ಮನ್‌ಗಳು ಸೊಂಟದ ಮೇಲೆ ಕೈಯಿಟ್ಟು ನಿಂತದ್ದು ಕಂಡಾಗ ಅದನ್ನು ಹೊರತೆಗೆಯಬಹುದು. ನಿಮ್ಮ ರಕ್ಷಣೆ ಹತ್ತು ಹನ್ನೆರಡು ಪ್ಲೇಗಳನ್ನು ತಾಳಿಕೊಂಡು ಬಂದ ಕೂಡಲೆ ಮಾತ್ರ ಅದನ್ನು ಎಂದೂ ಬಳಸಬೇಡಿ.

ಈ ಎಚ್ಚರಿಕೆಯ ಹಿಂದೆ ಸರಳ ಲೆಕ್ಕವಿದೆ. ಗಡಿಯಾರ ನಿಲ್ಲದೆ ಓಡುತ್ತಿರುವ ಆರು ಪ್ಲೇಗಳ ಸರಣಿಯಲ್ಲಿ ಪ್ರತಿ ಸ್ನ್ಯಾಪನ್ನೂ 20 ಸೆಕೆಂಡು ಮುಂಚೆ ಮಾಡಿದರೆ ಸುಮಾರು ಎರಡು ನಿಮಿಷಗಳ ಉಸಿರಾಟದ ಅವಕಾಶ ಕೈತಪ್ಪುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮೂರು ಪಾಸುಗಳನ್ನು ಅವಸರದಲ್ಲಿ ಎಸೆದು, ಮೂರೂ ನೆಲಕ್ಕೆ ಬಿದ್ದು, ಪಂಟ್ ಮಾಡಿ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಟ್ಟು), ಅದೇ ಹುಡುಗರು ಏದುಸಿರು ಬಿಡುತ್ತಲೇ ರಕ್ಷಣೆಗೆ ನಿಲ್ಲುವುದು. 1990ರ ದಶಕದ ಆರಂಭದಲ್ಲಿ ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ನಡೆಸಿ ಪಾಸ್ ಎಸೆಯುವವ) ಜಿಮ್ ಕೆಲ್ಲಿ ಮುನ್ನಡೆಸಿದ ವೃತ್ತಿಪರ ತಂಡ ಬಫಲೊ ಬಿಲ್ಸ್ ಹಡಲ್ ಇಲ್ಲದ ವೇಗದಿಂದ ಸತತ ನಾಲ್ಕು ಬಾರಿ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತಲುಪಿತು ನಿಜ, ಆದರೆ ಅವರ ರಕ್ಷಣೆಗೆ ಬೇರೆಯೇ ಹನ್ನೊಂದು ಮಂದಿ ಇದ್ದರು ಎಂಬುದನ್ನು ಅನುಕರಿಸುವ ಮುನ್ನ ನೆನಪಿಡಬೇಕು.

ಕರೆಯ ಭಾಷೆ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಎರಡು ಪಾತ್ರಗಳನ್ನು ಕಲಿಯಬೇಕಾದ ಹುಡುಗನ ತಲೆಯಲ್ಲಿ ದೊಡ್ಡ ಪ್ಲೇಬುಕ್‌ಗೆ ಜಾಗವಿರುವುದಿಲ್ಲ. ಆದ್ದರಿಂದ ಹನ್ನೆರಡರಿಂದ ಹದಿನೈದು ಪ್ಲೇಗಳನ್ನು ಮಾತ್ರ ಇಟ್ಟುಕೊಂಡು, ತುರ್ತಿನ ವೇಗದಲ್ಲಿ ಆಡುವ ನಾಲ್ಕಕ್ಕೆ ಆಟಗಾರರು ನಿಲ್ಲುವ ರಚನೆಯನ್ನೂ ಪ್ಲೇಯನ್ನೂ ಒಟ್ಟಿಗೆ ಹೇಳುವ ಒಂದೊಂದು ಪದ ಕೊಡಿ. ಉಳಿದವನ್ನು ಮಣಿಕಟ್ಟಿನ ಪಟ್ಟಿಯಲ್ಲಿ ಸಂಖ್ಯೆ ಹಾಕಿ ಬರೆಯಿರಿ. ಬಲ, ಎಡ, ಅಗಲ, ಒಳಗೆ ಎಂಬುದಕ್ಕೆ ದಾಳಿಯಲ್ಲಿ ಯಾವ ಪದಗಳಿವೆಯೋ ರಕ್ಷಣೆಯಲ್ಲೂ ಅವೇ ಇರಬೇಕು. ಇಬ್ಬರು ಸಹಾಯಕ ಕೋಚ್‌ಗಳು ತಮ್ಮ ತಮ್ಮ ರೂಢಿಯ ಪದಗಳನ್ನು ಬಿಡಲೊಪ್ಪದೆ ಹುಡುಗರ ಮೇಲೆ ಎರಡು ಭಾಷೆ ಹೇರುವುದು ನನ್ನ ದೃಷ್ಟಿಯಲ್ಲಿ ಈ ಪದ್ಧತಿಯ ಅತಿ ದೊಡ್ಡ ಶತ್ರು. ಸೈಡ್‌ಲೈನಿನಿಂದ ಕರೆಯ ಸನ್ನೆಗಳನ್ನು ಇಬ್ಬರು ತೋರಿಸಲಿ, ಅವರಲ್ಲಿ ಒಬ್ಬನದು ಮಾತ್ರ ನಿಜವಾಗಿರಲಿ. 1890ರ ದಶಕದಲ್ಲಿ ಕಿವುಡ ವಿದ್ಯಾರ್ಥಿಗಳ ಗ್ಯಾಲಡೆಟ್ ತಂಡ ತನ್ನ ಕೈಸನ್ನೆಗಳನ್ನು ಎದುರಾಳಿಯಿಂದ ಮರೆಮಾಡಲು ವೃತ್ತಾಕಾರವಾಗಿ ನಿಂತದ್ದೇ ಹಡಲ್‌ನ ಮೂಲವೆಂದು ಹೇಳಲಾಗುತ್ತದೆ. ಆ ಮರೆಯನ್ನು ಬಿಟ್ಟುಕೊಟ್ಟ ತಂಡ ಬೇರೊಂದು ಮರೆಯನ್ನು ಕಟ್ಟಿಕೊಳ್ಳಲೇಬೇಕು.

ಆಟಗಾರರ ಹಂಚಿಕೆಯಲ್ಲಿ ದಣಿವಿನ ಮೊತ್ತವನ್ನು ನೋಡಬೇಕು. ಕ್ವಾರ್ಟರ್‌ಬ್ಯಾಕ್ ರಕ್ಷಣೆಯಲ್ಲೂ ಆಡಲೇಬೇಕಾದರೆ ಡಿಕ್ಕಿಗಳು ಕಡಿಮೆಯಿರುವ ಹಿಂಬದಿಯ ಸೇಫ್ಟಿ ಜಾಗದಲ್ಲಿರಲಿ. ದಾಳಿಯಲ್ಲಿ ಚೆಂಡನ್ನು ಸ್ನ್ಯಾಪ್ ಮಾಡುವ ಸೆಂಟರ್‌ನನ್ನು ರಕ್ಷಣೆಯ ನಟ್ಟನಡುವೆ ನಿಲ್ಲಿಸಿದರೆ ಇಡೀ ಸಂಜೆ ಇಬ್ಬರ ಹೊಡೆತವನ್ನು ಅವನೊಬ್ಬನೇ ತಿನ್ನುತ್ತಾನೆ. ದೂರದ ಪಾಸಿಗಾಗಿ ಓಡಿದ ರಿಸೀವರ್ ಮುಂದಿನ ಪ್ಲೇಯ ಓಟ ತನ್ನಿಂದ ದೂರದ ಬದಿಗೆ ಹೋಗುತ್ತದೆಂದು ಮೊದಲೇ ತಿಳಿದಿದ್ದರೆ ನೆಮ್ಮದಿಯಾಗಿ ನಡೆದು ಬರಬಲ್ಲ. ಮೀಸಲು ಆಟಗಾರರು ಮೂವರೇ ಇದ್ದರೂ, ಯಾರನ್ನು ಯಾವ ಸರಣಿಯಲ್ಲಿ ಇಳಿಸಬೇಕೆಂದು ಪಂದ್ಯಕ್ಕೆ ಮೊದಲೇ ಬರೆದಿಡಿ, ಕಿಕ್ ತಂಡಗಳಲ್ಲಿ ಅವರಿಗೇ ಮೊದಲ ಅವಕಾಶ ಕೊಡಿ. ದಣಿದವನು ತಾನಾಗಿ ಕೈಯೆತ್ತುವವರೆಗೆ ಕಾದರೆ ತಡವಾಗಿರುತ್ತದೆ, ಏಕೆಂದರೆ ಒಳ್ಳೆಯ ಆಟಗಾರ ಕೈಯೆತ್ತುವುದೇ ಇಲ್ಲ.

ಅಭ್ಯಾಸದಲ್ಲಿ ದೀರ್ಘ ಓಟಗಳಿಂದ ಹೆಚ್ಚು ಪ್ರಯೋಜನವಿಲ್ಲ. ಒಂದು ಪ್ಲೇ ಕೆಲವೇ ಸೆಕೆಂಡುಗಳ ಪೂರ್ಣ ಬಲದ ಸ್ಫೋಟ. ಅದಕ್ಕೆ ಬೇಕಾದ, ಸ್ನಾಯುಗಳ ತಕ್ಷಣದ ಇಂಧನವಾದ ಫಾಸ್ಫೋಕ್ರಿಯಾಟಿನ್ ಅರ್ಧ ನಿಮಿಷದಲ್ಲಿ ಸುಮಾರು ಅರ್ಧದಷ್ಟು ಮರಳುತ್ತದೆ, ಪೂರ್ತಿ ಮರಳಲು ಕೆಲವು ನಿಮಿಷಗಳು ಬೇಕು. ಆದ್ದರಿಂದ ದಾಳಿಯ ಆರು ಪ್ಲೇ, ಒಂದು ನಿಮಿಷ ಬಿಡುವು, ರಕ್ಷಣೆಯ ಆರು ಪ್ಲೇ ಎಂದು ಗಡಿಯಾರ ಹಿಡಿದು ಆಡಿಸಿ. ಪಂದ್ಯದಲ್ಲಿ ಬಿಡುವು ಸಿಕ್ಕಾಗ ಇಬ್ಬರು ಕೋಚ್‌ಗಳಿಗೂ ಅದೇ ಹುಡುಗ ಬೇಕಾಗುತ್ತಾನೆ. ಮೊದಲು ನೀರು, ಆಮೇಲೆ ಒಬ್ಬ ಕೋಚಿನ ಒಂದೇ ಮಾತು, ಉಳಿದದ್ದು ಮಧ್ಯಂತರಕ್ಕೆ ಎಂಬ ಕಟ್ಟುಪಾಡು ಇರಲಿ.

ಹಡಲ್ ಇಲ್ಲದಿದ್ದರೆ ಆಟಗಾರರು ಒಬ್ಬರ ಮುಖವನ್ನೊಬ್ಬರು ಹತ್ತಿರದಿಂದ ನೋಡುವುದೂ ಇರುವುದಿಲ್ಲ. ಗೆಳೆಯನ ಕಣ್ಣು ಮಂಕಾಗಿದೆಯೆಂದು ಗುರುತಿಸುವವರು ಯಾರೂ ಇರುವುದಿಲ್ಲವಾದ್ದರಿಂದ, ಚೆಂಡನ್ನು ನೋಡದೆ ಆಟಗಾರರ ದೇಹಗಳನ್ನು ಮಾತ್ರ ಗಮನಿಸುವ ಕೆಲಸಕ್ಕೆ ಒಬ್ಬ ಸಹಾಯಕನನ್ನು ನೇಮಿಸಿ. ಗೊತ್ತಿರುವ ಸನ್ನೆಯನ್ನು ಎರಡು ಬಾರಿ ತಪ್ಪಾಗಿ ಓದಿದವನು ದಣಿದಿರಬಹುದು, ತಲೆಗೆ ಪೆಟ್ಟು ಬಿದ್ದವನೂ ಆಗಿರಬಹುದು. ಕನ್ಕಷನ್ (ಪೆಟ್ಟಿನಿಂದ ಮೆದುಳಿಗಾಗುವ ಆಘಾತ) ಶಂಕೆಯಿದ್ದವನು ಆ ದಿನ ಮರಳಿ ಆಡಕೂಡದು. ಆಗಸ್ಟ್, ಸೆಪ್ಟೆಂಬರಿನ ಬಿಸಿಲಿನಲ್ಲಿ ತಣ್ಣೀರಿನ ತೊಟ್ಟಿ ಮೈದಾನದ ಬದಿಯಲ್ಲೇ ಇರಬೇಕು. ಉಷ್ಣಾಘಾತವಾದವನನ್ನು ಮೊದಲು ಅದರಲ್ಲಿ ಮುಳುಗಿಸಿ ತಣಿಸಿ, ನಂತರ ಆಸ್ಪತ್ರೆಗೆ ಸಾಗಿಸಬೇಕು. ಪಂದ್ಯದ ಪ್ರತಿ ಅರ್ಧಕ್ಕೆ ಸಿಗುವ ಮೂರು ಟೈಮ್‌ಔಟ್‌ಗಳಲ್ಲಿ ಒಂದನ್ನು ಈ ಸಹಾಯಕನ ಕೈಯಲ್ಲಿಡಿ. ಅವನು ಕೇಳಿದಾಗ, ಮೂರನೇ ಡೌನ್ (ಮುನ್ನುಗ್ಗುವ ಮೂರನೇ ಯತ್ನ) ಆಗಿರಲಿ, ಗೋಲ್ ಗೆರೆ ಎರಡೇ ಯಾರ್ಡ್ ದೂರವಿರಲಿ, ಕಾರಣ ಕೇಳದೆ ಕೊಡಿ.