ಕಲಾ ದಾಖಲೆಗಳ ಸಾಮುದಾಯಿಕ ಒಡೆತನ: ನನ್ನ ಅನುಭವ

ಕಲಾವಿದರ ಕುಟುಂಬಗಳು ತಮ್ಮಲ್ಲಿರುವ ಪತ್ರ, ಛಾಯಾಚಿತ್ರ, ಪ್ರದರ್ಶನದ ಕ್ಯಾಟಲಾಗುಗಳನ್ನು ಯಾವ ಸಂಸ್ಥೆಗೂ ಬರೆದುಕೊಡದೆ, ಒಟ್ಟಾಗಿ ತಾವೇ ನಿರ್ವಹಿಸಬಹುದೆಂದು ನಾನು ಹೇಳಿದಾಗ ವೃತ್ತಿಬಾಂಧವರೇ ನಕ್ಕಿದ್ದರು. ಎಲ್ಲರ ಸೊತ್ತು ಹಾಳಾಗಿಯೇ ತೀರುತ್ತದೆಂಬ ಪರಿಸರ ವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಅವರ 1968ರ ವಾದವೇ ಅವರ ಬಾಯಲ್ಲೂ ಇತ್ತು; ಸಮುದಾಯಗಳು ತಾವೇ ನಿಯಮ ಮಾಡಿಕೊಂಡು ಅಂಥ ಸೊತ್ತನ್ನು ಕಾಪಾಡಬಲ್ಲವೆಂದು 1990ರಲ್ಲೇ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ ಉತ್ತರಿಸಿದ್ದನ್ನು ಯಾರೂ ನೆನೆಯಲಿಲ್ಲ. ಈಗ ಸುಮಾರು 40,000 ಪುಟಗಳ ಸಂಗ್ರಹವನ್ನು ಹೀಗೆಯೇ ನಡೆಸುತ್ತಿದ್ದೇವೆ. ನಕ್ಕವರಲ್ಲಿ ಕೆಲವರು ನಮ್ಮ ಒಪ್ಪಂದದ ಕರಡನ್ನು ಕೇಳುತ್ತಿದ್ದಾರೆ.

ಮೊದಲು ಎಲ್ಲವನ್ನೂ ಸಿಸಿ ಝೀರೊ, ಅಂದರೆ ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಟ್ಟು ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸಲು ಬಿಡುವ ಪರವಾನಗಿಯ ಅಡಿಯಲ್ಲಿ ತೆರೆದಿಟ್ಟೆವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2017ರಲ್ಲಿ ಸುಮಾರು 3,75,000 ಚಿತ್ರಗಳನ್ನು ಹಾಗೆಯೇ ಬಿಟ್ಟುಕೊಟ್ಟಿತ್ತು. ಆದರೆ ಅವು ಹಕ್ಕುಸ್ವಾಮ್ಯದ ಅಡ್ಡಿಯಿಲ್ಲದ ಕೃತಿಗಳ ಚಿತ್ರಗಳು. ನಮ್ಮ ಸ್ಕ್ಯಾನುಗಳನ್ನು ಚಿತ್ರ ಮಾರುವ ಸಂಸ್ಥೆಯೊಂದು ತನ್ನ ಮುದ್ರೆ ಹಾಕಿ ಮಾರತೊಡಗಿತು. ನಾವೇ ಕೊಟ್ಟ ಪರವಾನಗಿಯಂತೆ ಅದನ್ನು ತಡೆಯುವಂತಿರಲಿಲ್ಲ. ಮೂರು ಕುಟುಂಬಗಳು ಹೊರನಡೆದವು.

ಹಣದ ವಿಷಯಕ್ಕೆ ಬಂದರೆ, ಸ್ಕ್ಯಾನಿಂಗಿಗೆ ಒಟ್ಟು ಖರ್ಚಿನ ಕಾಲುಭಾಗವೂ ಹೋಗಿಲ್ಲ. ಪತ್ರದ ಹಾಳೆ ಪಡೆದವರದ್ದಾದರೂ ಅದರ ಹಕ್ಕುಸ್ವಾಮ್ಯ ಬರೆದವರದ್ದಾದ್ದರಿಂದ, ಹಕ್ಕುದಾರರ ವಾರಸುದಾರರನ್ನು ಹುಡುಕುವುದಕ್ಕೂ ಮೆಟಾಡೇಟಾ (ಪ್ರತಿ ದಾಖಲೆಯ ಹೆಸರು, ದಿನಾಂಕ ಮುಂತಾದ ವಿವರ) ಬರೆಯುವವರ ಸಂಬಳಕ್ಕೂ ಅರ್ಧಕ್ಕಿಂತ ಹೆಚ್ಚು ಕರಗಿತು. ಯಂತ್ರ ಕೊಡಿಸಲು ದಾನಿಗಳು ಸಿದ್ಧ, ಸಂಬಳಕ್ಕೆ ಅಲ್ಲ. ಐದು ವರ್ಷಗಳ ಏಕಸ್ವಾಮ್ಯ ಬಯಸಿದ ದಾನಿಯೊಬ್ಬರನ್ನು ನಿರಾಕರಿಸಿದ ವರ್ಷ ನಾವೆಲ್ಲ ಅರ್ಧ ಸಂಬಳದಲ್ಲಿ ದುಡಿದೆವು.

ಕೊನೆಗೆ ಕೈಹಿಡಿದ ವ್ಯವಸ್ಥೆ ಹೀಗಿದೆ: ಮೂಲಪ್ರತಿ ಕುಟುಂಬದಲ್ಲೇ ಉಳಿಯುತ್ತದೆ, ಸ್ಕ್ಯಾನುಗಳ ಟಿಫ್ ಕಡತಗಳ (ಗುಣಮಟ್ಟ ಕಳೆಯದ ಚಿತ್ರ ಕಡತಗಳ) ಪೂರ್ಣ ಪ್ರತಿ ಕನಿಷ್ಠ ಮೂವರು ಸದಸ್ಯರಲ್ಲಿರುತ್ತದೆ ಮತ್ತು ಅವುಗಳ ಚೆಕ್‌ಸಮ್ (ಕಡತ ಬದಲಾಗಿದೆಯೇ ಎಂದು ತಿಳಿಸುವ ಸಂಕೇತ) ನಿಯತವಾಗಿ ತಾಳೆಯಾಗುತ್ತದೆ, ಸಾವಿರ ಪುಟ ಕೊಟ್ಟವರಿಗೂ ಹತ್ತು ಪುಟ ಕೊಟ್ಟವರಿಗೂ ಒಂದೇ ಮತ. ಪ್ರಸಿದ್ಧ ಕಲಾವಿದರ ಮನೆಯವರು ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ಅವರನ್ನು ಒಪ್ಪಿಸಿದ ಷರತ್ತನ್ನು ಇಲ್ಲಿ ಬರೆಯುವುದಿಲ್ಲ, ಇನ್ನೊಂದು ಮಾತುಕತೆಯಲ್ಲಿ ಅದು ಬೇಕಾಗಿದೆ.

ನಡುವೆ ಕಂಪ್ಯೂಟರ್ ತಂತ್ರಾಂಶದಿಂದ ಚಿತ್ರಗಳಿಗೆ ವಿವರಣೆ ಬರೆಸಿ ನೋಡಿದೆವು. ಪ್ರತಿಷ್ಠಾಪನ ಕಲೆಯನ್ನೆಲ್ಲ (ಜಾಗವೊಂದರಲ್ಲಿ ವಸ್ತುಗಳನ್ನು ಜೋಡಿಸಿ ರಚಿಸುವ ಕಲೆ) ಅದು ಕಟ್ಟಡ ಕಾಮಗಾರಿ ಎಂದು ಗುರುತಿಸಿದ್ದರಿಂದ ಕೈಬಿಟ್ಟೆವು. ಅದಕ್ಕಿಂತ ಫಲ ಕೊಟ್ಟದ್ದು ಒಂದೇ ಛಾಯಾಚಿತ್ರದ ಕೆಳಗೆ ಭಿನ್ನ ವಿವರಣೆಗಳಿಗೆ ಎಡೆ ಮಾಡಿದ್ದು. ‘ಕಲಾವಿದರು ಮತ್ತು ಇತರರು’ ಎಂದಷ್ಟೇ ದಾಖಲಾಗಿದ್ದ ಕಡೆ ಅಚ್ಚು ತೆಗೆದವರ, ಎರಕ ಹೊಯ್ದವರ, ರೂಪದರ್ಶಿಯರ ಹೆಸರುಗಳು ಬಂದವು; ಕೆಲವು ಕೃತಿಗಳ ಕರ್ತೃತ್ವದ ಬಗ್ಗೆಯೇ ಜಗಳ ಎದ್ದಿತು. ಅಂಥಲ್ಲಿ ಎರಡೂ ಕಡೆಯವರ ವಿವರಣೆಗಳನ್ನು ದಿನಾಂಕಸಹಿತ ಉಳಿಸಿದ್ದೇವೆ, ಅಳಿಸಬೇಕಾದರೆ ಮತಕ್ಕೆ ಹಾಕಬೇಕು.

ವಾಣಿಜ್ಯ ಬಳಕೆಗೆ ವಿಧಿಸುವ ಶುಲ್ಕದಿಂದ ಸದ್ಯ ಕಡತಗಳನ್ನು ಶೇಖರಿಸಿಡುವ ಖರ್ಚಷ್ಟೇ ಹುಟ್ಟುತ್ತದೆ. ಸಂಬಳಕ್ಕೆ ಈಗಲೂ ಅನುದಾನ ಹುಡುಕುತ್ತಿದ್ದೇವೆ.