ಕಾಲು ಸೋತಾಗಲೂ ಕಂಟ್ರೋಲ್ ತಪ್ಪದಿರಲು ಏನು ಮಾಡಬೇಕು?

ಓರಿಯೆಂಟೀರಿಂಗ್ ರೇಸಿನಲ್ಲಿ ಓಡುವ ದಾರಿಗೆ ಗುರುತು ಇರುವುದಿಲ್ಲ. ಕೈಯಲ್ಲಿ ಮ್ಯಾಪ್ ಮತ್ತು ಕಂಪಾಸ್, ಅಷ್ಟೇ. ಮ್ಯಾಪಿನ ತ್ರಿಕೋನದಿಂದ ಹೊರಟು, ವೃತ್ತ ಹಾಕಿ ಗುರುತಿಸಿದ ಜಾಗಗಳಾದ ಕಂಟ್ರೋಲ್‌ಗಳನ್ನು ಕೊಟ್ಟ ಕ್ರಮದಲ್ಲೇ ಮುಟ್ಟಿ, ಬಂದಿದ್ದಕ್ಕೆ ಗುರುತಾಗಿ ಪಂಚ್ ಮಾಡಿ, ಜೋಡಿ ವೃತ್ತದಲ್ಲಿ ಮುಗಿಸಬೇಕು. ಕಂಟ್ರೋಲ್ ಇರುವಲ್ಲಿ ಕಿತ್ತಳೆ-ಬಿಳಿ ಬಾವುಟ ಕಟ್ಟಿರುತ್ತಾರೆ.

ಚಿತ್ರದುರ್ಗದಂಥ ಕಡೆ, ಬಂಡೆ, ಮುಳ್ಳು, ಬಿಸಿಲಿನ ನಡುವೆ ಒಂದೂವರೆ ಗಂಟೆ ಓಡಿದ ಮೇಲೆ ಕಾಲು ಸೋಲುವುದು ಸಹಜ. ಆದರೆ ರೇಸ್ ಕೆಡುವುದು ಕಾಲಿನಿಂದಲ್ಲ, ಸುಸ್ತಾದ ತಲೆಯಿಂದ. ಹಾಗಾಗಿ ಸುಸ್ತಾದಾಗ ಏನು ಮಾಡಬೇಕು ಅನ್ನುವುದನ್ನು ಹೊರಡುವ ಮೊದಲೇ ತೀರ್ಮಾನಿಸಿಕೊಳ್ಳಿ.

ಬೆಳಿಗ್ಗೆ ಹಗುರವಾಗಿ ತಿನ್ನಿ. ಬೆಣ್ಣೆ ದೋಸೆ ರೇಸ್ ಮುಗಿದ ಮೇಲಿರಲಿ. ಉಪ್ಪು, ಸಕ್ಕರೆ ಹಾಕಿದ ನಿಂಬೆ ಪಾನಕವನ್ನು ಆಗಾಗ ಒಂದೆರಡು ಗುಟುಕು ಕುಡಿಯುತ್ತಿರಿ. ಕಾರೆ, ಜಾಲಿ ಮುಳ್ಳಿಗೆ ಉದ್ದ ಪ್ಯಾಂಟ್ ಬೇಕೇ ಬೇಕು.

ಇನ್ನು ದಾರಿ ಆರಿಸುವುದು. 10 ಮೀಟರ್ ಏರು ಹತ್ತುವುದನ್ನು 100 ಮೀಟರ್ ಸಮತಟ್ಟು ಓಟಕ್ಕೆ ಸಮ ಅಂತ ಲೆಕ್ಕ ಹಾಕಿ. ನೇರ ದಾರಿ 600 ಮೀಟರ್, ನಡುವೆ 50 ಮೀಟರ್ ಏರು ಅಂದರೆ ಒಟ್ಟು 1,100 ಆಯಿತು. ಗುಡ್ಡ ಬಳಸಿ ಹೋಗುವ ಬಂಡಿದಾರಿ 900 ಮೀಟರ್ ಇದ್ದರೆ ಕಣ್ಣುಮುಚ್ಚಿ ಅದನ್ನೇ ಹಿಡಿಯಿರಿ. ದಾರಿ ಹಿಡಿದು ಓಡುವಾಗ ತಲೆಗೂ ಬಿಡುವು ಸಿಗುತ್ತದೆ. ಮ್ಯಾಪಿನ ದಟ್ಟ ಹಸಿರು ಎಂದರೆ ಪೊದೆ, ಅದರೊಳಗೆ ನುಗ್ಗಲೇಬೇಡಿ.

ಮ್ಯಾಪನ್ನು ಚಿಕ್ಕದಾಗಿ ಮಡಚಿ, ನೀವಿರುವ ಜಾಗದ ಮೇಲೆ ಹೆಬ್ಬೆರಳಿಟ್ಟುಕೊಂಡೇ ಓಡಿ. ದಣಿದ ಕಣ್ಣಿಗೆ ಇಡೀ ಹಾಳೆಯಲ್ಲಿ ತಾನೆಲ್ಲಿದ್ದೇನೆ ಅಂತ ಹುಡುಕುವುದೇ ದೊಡ್ಡ ಕೆಲಸ.

ಎಲ್ಲಕ್ಕಿಂತ ಜಾಸ್ತಿ ಸಮಯ ಹಾಳಾಗುವುದು ಕಂಟ್ರೋಲಿನ ಹತ್ತಿರ ಬಂದಮೇಲೆ. ಇಲ್ಲಿನ ಗುಡ್ಡದಲ್ಲಿ ಒಂದು ಬಂಡೆಯಂತೆಯೇ ಇನ್ನೊಂದು. ಬಾವುಟ ಬಂಡೆಯ ಆಚೆ ಬದಿಯಲ್ಲಿದ್ದರೆ ಹತ್ತು ಹೆಜ್ಜೆ ದೂರದಿಂದಲೂ ಕಾಣುವುದಿಲ್ಲ. ಆದ್ದರಿಂದ ನೇರವಾಗಿ ಬಂಡೆ ಹುಡುಕಿಕೊಂಡು ಹೋಗಬೇಡಿ. ಅದರ ಸಮೀಪ ತಪ್ಪಲಾರದ ಗುರುತೊಂದನ್ನು ಆರಿಸಿ: ಎರಡು ಹಳ್ಳ ಕೂಡುವ ಜಾಗ, ಹಳೇ ಬಾವಿ, ಕಲ್ಲುಗೋಡೆಯ ಮೂಲೆ. ಅಲ್ಲಿಯವರೆಗೆ ಓಡಿ, ಅಲ್ಲಿ ನಿಲ್ಲಿ. ಎರಡು ಸಲ ಉಸಿರೆಳೆದು ಕಂಪಾಸ್ ಹಿಡಿದು ಹೆಜ್ಜೆ ಎಣಿಸುತ್ತಾ ನಡೆಯಿರಿ. 1:10,000 ಮ್ಯಾಪಿನಲ್ಲಿ 1 ಸೆಂಟಿಮೀಟರ್ ಅಂದರೆ 100 ಮೀಟರ್. ಸುಸ್ತಾದಾಗ ಹೆಜ್ಜೆ ಗಿಡ್ಡವಾಗುತ್ತದೆ, ಎಣಿಕೆಗೆ ಸ್ವಲ್ಪ ಸೇರಿಸಿಕೊಳ್ಳಿ. ಬಾವುಟ ಸಿಕ್ಕಿದ ಕೂಡಲೇ ಪಂಚ್ ಒತ್ತಬೇಡಿ, ಅದರ ಸಂಖ್ಯೆ ನಿಮ್ಮದೇನಾ ಅಂತ ನೋಡಿ. ಬೇರೆ ಕೋರ್ಸಿನವರ, ಅಂದರೆ ಬೇರೆ ಕಂಟ್ರೋಲ್ ಸರಣಿ ಓಡುವವರ, ಕಂಟ್ರೋಲೂ ಪಕ್ಕದಲ್ಲೇ ಇರಬಹುದು, ಅಲ್ವಾ?

ತಲೆ ಕೈಕೊಡುತ್ತಿದೆ ಅನ್ನುವುದಕ್ಕೆ ಒಂದು ಗುರುತಿದೆ. "ಈ ಹಳ್ಳ ಮ್ಯಾಪಿನಲ್ಲಿ ಹಾಕೋದು ಮರೆತಿರಬೇಕು" ಅಂತ ಅನಿಸತೊಡಗುತ್ತದೆ. ಮರೆತಿರುವುದಿಲ್ಲ, ನೀವು ಬೇರೆ ಕಡೆ ಇದ್ದೀರಿ. ಆಗ ಸುಮ್ನೆ ಅತ್ತಿತ್ತ ಓಡಾಡದೆ, ಖಾತ್ರಿಯಾಗಿ ಗೊತ್ತಿದ್ದ ಕೊನೆಯ ಜಾಗಕ್ಕೆ ವಾಪಸ್ ಹೋಗಿ. ಎರಡು ನಿಮಿಷ ಹೋದರೂ ಇಪ್ಪತ್ತು ನಿಮಿಷ ಉಳಿಯುತ್ತದೆ. ಮುಂದಿರುವವರ ಬೆನ್ನು ಹತ್ತಬೇಡಿ, ಅವರ ಕೋರ್ಸೇ ಬೇರೆ ಇರಬಹುದು.

ಕಂಪಾಸನ್ನು ಮೊಬೈಲ್, ಕಬ್ಬಿಣದ ಬೇಲಿಯಿಂದ ದೂರವಿಡಿ. ನಮ್ಮ ಚಿತ್ರದುರ್ಗ ಜಿಲ್ಲೆಯ ಕೆಲವು ಕಡೆ ಕಬ್ಬಿಣದ ಅದಿರಿದೆ. ಕಂಪಾಸಿನ ಮುಳ್ಳು ವಿಚಿತ್ರವಾಗಿ ಆಡಿದರೆ ನೆಲದ ಏರಿಳಿತವನ್ನು ನಂಬಿ. ಗುಡ್ಡದ ನೆತ್ತಿಯ ಗಾಳಿಯಂತ್ರಗಳ ಸಾಲು ಕಂಡರೆ ದಿಕ್ಕು ಹೊಂದಿಸಿಕೊಳ್ಳಲು ಅದೂ ಆಗುತ್ತದೆ.

ಇದನ್ನೆಲ್ಲ ದಣಿದ ಮೈಯಲ್ಲೇ ರೂಢಿ ಮಾಡಿಕೊಳ್ಳಬೇಕು. ಯಾವುದಾದರೂ ಏರು ರಸ್ತೆಯಲ್ಲಿ ಉಸಿರು ಕಟ್ಟುವಷ್ಟು ಓಡಿ, ನಿಂತ ತಕ್ಷಣ ಮ್ಯಾಪ್ ಬಿಡಿಸಿ ಮುಂದಿನ ದಾರಿಯನ್ನು ಬಾಯಲ್ಲಿ ಹೇಳಿ. ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಕಾಡಿನೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಅಲ್ಲಿ ಕರಡಿ, ಚಿರತೆ ಇವೆ. ಒಬ್ಬರೇ ಹೋಗಬೇಡಿ, ಸಂಜೆ ಮೇಲಂತೂ ಬೇಡವೇ ಬೇಡ.

ಓಡುವಾಗ ಬೆವರು ನಿಂತು, ತಲೆ ಸುತ್ತಿ, ಚಳಿಯಾದಂತೆ ಅನಿಸಿದರೆ ರೇಸ್ ಬಿಡಿ. ನೆರಳಿಗೆ ಹೋಗಿ, ನೀರು ಚಿಮುಕಿಸಿಕೊಂಡು, ಅಲ್ಲಿ ಸಿಕ್ಕವರನ್ನು ಕೂಗಿ ಕರೆಯಿರಿ. ಮಧ್ಯದಲ್ಲೇ ಬಿಟ್ಟವರೂ ಫಿನಿಶ್‌ಗೆ ಬಂದು ಹೆಸರು ಹೇಳಲೇಬೇಕು. ಹೇಳದೆ ಮನೆಗೆ ಹೋದರೆ ಆಯೋಜಕರು ಕತ್ತಲಾದರೂ ನಿಮ್ಮನ್ನು ಗುಡ್ಡದಲ್ಲಿ ಹುಡುಕುತ್ತಿರುತ್ತಾರೆ.