ಕಂದು ಕುಕೀಸ್ ಮೇಲೆ ಬಿಳಿ ಎಳೆ: ಪೆರ್ನೀಚ್ಕಿ ಅಲಂಕಾರದ ನನ್ನ ಅನುಭವ

ನಾವಿರುವುದು ಜೆಕ್ ದೇಶದ ಬರ್ನೋ ಊರಿನಲ್ಲಿ. ಇಲ್ಲಿ ಕ್ರಿಸ್ಮಸ್‌ಗೆ ಮನೆಮನೆಯಲ್ಲೂ ಜಿಂಜರ್‌ಬ್ರೆಡ್ ಕುಕೀಸ್ (ಜೇನು, ಮಸಾಲೆ ಹಾಕಿದ ಬಿಸ್ಕತ್ತು) ಮಾಡುತ್ತಾರೆ, ಪೆರ್ನೀಚ್ಕಿ ಅಂತ ಕರೆಯುತ್ತಾರೆ. ಹೊಳೆಯುವ ಕಂದು ಬಣ್ಣದ ಹೃದಯ, ನಕ್ಷತ್ರ, ಗಂಟೆ, ಕುದುರೆ, ಮೀನು. ಅದರ ಮೇಲೆ ತೆಳ್ಳಗಿನ ಬಿಳಿ ಸಕ್ಕರೆ ಎಳೆಗಳು. ಹೆಚ್ಚಿನ ಮನೆಗಳಲ್ಲಿ ಬೇರೆ ಬಣ್ಣ ಇರುವುದೇ ಇಲ್ಲ. ನನಗೆ ಈ ಕೆಲಸ ಕಲಿಸಿದ್ದು ನಮ್ಮ ಪಕ್ಕದ ಮನೆಯ ಅಜ್ಜಿ. ಅವರ ಕೈಯಲ್ಲಿ ಎಳೆ ಬೀಳುವುದನ್ನು ನೋಡುತ್ತಾ ನೋಡುತ್ತಾ ಕಲಿತೆ. ಈಗ ಪ್ರತಿ ವರ್ಷ ಮಾಡುತ್ತೇನೆ. ಊರಿನ ಸ್ನೇಹಿತೆಯರು ವಿಧಾನ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲೇ ಒಂದು ವಿಷಯ. ಅಲಂಕಾರ ಅಂದರೆ ಐಸಿಂಗ್ (ಎಳೆ ಹಾಕುವ ಆ ಬಿಳಿ ಸಕ್ಕರೆ ಮಿಶ್ರಣ) ಮಾತ್ರ ಅಲ್ಲ. ಹಿಟ್ಟು ಕಲಸುವಾಗಲೇ ಅದು ಶುರುವಾಗುತ್ತದೆ. ಮೇಲ್ಮೈ ಸಮವಾಗಿಲ್ಲದಿದ್ದರೆ ಎಷ್ಟು ಒಳ್ಳೆಯ ಕೈ ಇದ್ದರೂ ಎಳೆ ನೆಟ್ಟಗೆ ಕೂರುವುದಿಲ್ಲ.

ನಾನು ಹಾಕುವ ಅಳತೆ ಹೀಗೆ. ಮೈದಾ 400 ಗ್ರಾಂ, ಪುಡಿ ಸಕ್ಕರೆ 140 ಗ್ರಾಂ, ಬೆಣ್ಣೆ 50 ಗ್ರಾಂ, ಮೊಟ್ಟೆ 2, ಜೇನುತುಪ್ಪ ದೊಡ್ಡ ಚಮಚದಲ್ಲಿ 2, ಅಡುಗೆ ಸೋಡಾ 1 ಚಿಕ್ಕ ಚಮಚ, ಬಣ್ಣಕ್ಕೆ ಸ್ವಲ್ಪ ಕೋಕೋ, ಮಸಾಲೆ 2 ಚಿಕ್ಕ ಚಮಚ. ಬೆಣ್ಣೆ ಕಡಿಮೆ ಆಯಿತಲ್ಲ ಅನ್ನಿಸಬಹುದು. ಬೇಕೆಂದೇ ಕಡಿಮೆ. ಜಿಡ್ಡು ಜಾಸ್ತಿ ಇದ್ದರೆ ಅದು ದಿನ ಕಳೆದಂತೆ ಐಸಿಂಗ್‌ಗೆ ಏರಿ ಬಿಳಿಯ ಮೇಲೆ ಹಳದಿ ಕಲೆ ಮೂಡಿಸುತ್ತದೆ. ಸೋಡಾ ಕೂಡ ಅಳತೆ ಮೀರಬಾರದು. ಮೀರಿದರೆ ಕುಕೀಸ್ ನಡುವೆ ಉಬ್ಬುತ್ತದೆ, ಅಂಚು ಹರಡಿ ಆಕಾರ ಕೆಡುತ್ತದೆ.

ಮಸಾಲೆಗೆ ಇಲ್ಲಿ ಅಂಗಡಿಯಲ್ಲಿ ಸಿದ್ಧ ಪೊಟ್ಟಣ ಸಿಗುತ್ತದೆ. ನಾನು ಮನೆಯಲ್ಲೇ ಹುರಿದು ಪುಡಿ ಮಾಡುತ್ತೇನೆ. ಚಕ್ಕೆ ಜಾಸ್ತಿ, ಆಮೇಲೆ ಲವಂಗ, ಚಕ್ರಮೊಗ್ಗು, ಸೋಂಪು, ಕೊತ್ತಂಬರಿ ಬೀಜ, ಸ್ವಲ್ಪ ಒಣಶುಂಠಿ. ಹೆಸರು ಜಿಂಜರ್‌ಬ್ರೆಡ್ ಆದರೂ ಇಲ್ಲಿನ ರುಚಿಯಲ್ಲಿ ಮುಂದೆ ನಿಲ್ಲುವುದು ಚಕ್ಕೆ, ಲವಂಗವೇ. ಪುಡಿ ನುಣ್ಣಗಿರಬೇಕು. ತರಿ ಉಳಿದರೆ ಲಟ್ಟಿಸುವಾಗ ಹಿಟ್ಟು ಅಲ್ಲಲ್ಲಿ ಬಿರಿಯುತ್ತದೆ.

ಕಲಸಿದ ಹಿಟ್ಟನ್ನು ಮುಚ್ಚಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಮರುದಿನ ಹೊರಗೆ ತೆಗೆದು, ಮೆತ್ತಗಾದ ಮೇಲೆ 3-4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅಚ್ಚಿನಿಂದ ಕತ್ತರಿಸಿ. ಕ್ರಿಸ್ಮಸ್ ಮರಕ್ಕೆ ನೇತುಹಾಕುವಂಥವಕ್ಕೆ ಬೇಯಿಸುವ ಮೊದಲೇ ಸ್ಟ್ರಾದಿಂದ ತೂತು ಮಾಡಿಬಿಡಿ. ಲಟ್ಟಿಸುವಾಗ ಉದುರಿಸಿದ ಒಣ ಹಿಟ್ಟನ್ನು ಬ್ರಷ್‌ನಿಂದ ಪೂರ್ತಿ ಕೊಡವಿ ತೆಗೆಯಿರಿ. ಇಲ್ಲದಿದ್ದರೆ ಬೆಂದ ಮೇಲೆ ಬೂದು ಬೂದಾಗಿ ಕಾಣುತ್ತದೆ. 180 ಡಿಗ್ರಿಯಲ್ಲಿ 7-8 ನಿಮಿಷ ಸಾಕು.

ಓವನ್‌ನಿಂದ ಹೊರಗೆ ಬಂದ ಕೂಡಲೇ ಮಾಡುವ ಒಂದು ಕೆಲಸ ನನಗೆ ತುಂಬಾ ಇಷ್ಟ. ಕುಕೀಸ್ ಬಿಸಿ ಬಿಸಿ ಇರುವಾಗಲೇ ಚೆನ್ನಾಗಿ ಕಲಕಿದ ಮೊಟ್ಟೆಯನ್ನು ಬ್ರಷ್‌ನಿಂದ ತೆಳ್ಳಗೆ ಸವರುತ್ತಾರೆ. ಆ ಬಿಸಿಗೇ ಮೊಟ್ಟೆ ಒಣಗಿ ಅಂಟಿಕೊಳ್ಳುತ್ತದೆ. ನೋಡ ನೋಡುತ್ತಿದ್ದಂತೆ ಮಂಕಾದ ಕಂದು ಬಣ್ಣ ಗಾಢವಾಗಿ ಹೊಳೆಯಲು ಶುರುವಾಗುತ್ತದೆ. ಬಿಳಿ ಎಳೆ ಎದ್ದು ಕಾಣುವುದು ಈ ಹೊಳಪಿನ ಮೇಲೆಯೇ. ಬೇರೆ ದೇಶದ ಎಷ್ಟೋ ಪಾಕವಿಧಾನಗಳಲ್ಲಿ ಈ ಹೆಜ್ಜೆ ಇರುವುದಿಲ್ಲ. ಒಮ್ಮೆ ಮಾಡಿ ನೋಡಿದವರು ಬಿಡುವುದಿಲ್ಲ ಅಂತ ನನ್ನ ನಂಬಿಕೆ. ತಡ ಮಾಡಬಾರದು, ಟ್ರೇ ತಣ್ಣಗಾದರೆ ಮೊಟ್ಟೆ ಹಸಿಯಾಗಿಯೇ ಉಳಿಯುತ್ತದೆ. ಆಮೇಲೆ ಪೂರ್ತಿ ಆರಲು ಬಿಡಿ. ನಾನು ಅಲಂಕಾರಕ್ಕೆ ಕೂರುವುದು ಮರುದಿನವೇ.

ಈಗ ಐಸಿಂಗ್. ಒಂದು ಮೊಟ್ಟೆಯ ಬಿಳಿಭಾಗಕ್ಕೆ 150ರಿಂದ 180 ಗ್ರಾಂ ಪುಡಿ ಸಕ್ಕರೆ, ಒಂದು ಚಿಕ್ಕ ಚಮಚ ಆಲೂಗಡ್ಡೆ ಪಿಷ್ಟ, ಕೆಲವು ಹನಿ ನಿಂಬೆರಸ. ಮೊಟ್ಟೆ ದೊಡ್ಡದೋ ಚಿಕ್ಕದೋ ಅನ್ನುವುದರ ಮೇಲೆ ಸಕ್ಕರೆ ಹೆಚ್ಚು ಕಡಿಮೆಯಾಗುತ್ತದೆ. ಇಲ್ಲಿ ಹಿಟ್ಟಿನಷ್ಟು ನುಣ್ಣಗಿನ ಸಕ್ಕರೆ ಸಿಗುತ್ತದೆ. ನಮ್ಮ ಊರಿನಲ್ಲಿ ಮಿಕ್ಸಿಯಲ್ಲಿ ಪುಡಿ ಮಾಡಿದರೆ ಸುಮ್ನೆ ಜರಡಿ ಹಿಡಿದರೆ ಸಾಲದು, ವಸ್ತ್ರಗಾಳಿ ಮಾಡಬೇಕು. ಒಂದೇ ಒಂದು ಸಕ್ಕರೆ ಕಾಳು ಸಾಕು, ತೂತು ಕಟ್ಟಿಕೊಂಡು ಎಳೆ ನಡುವೆಯೇ ತುಂಡಾಗುತ್ತದೆ.

ಇದನ್ನು ಬೀಟರ್‌ನಿಂದ ನೊರೆ ಬರುವಂತೆ ಕಡೆಯಬಾರದು. ಅಜ್ಜಿ ಇದನ್ನು ತುಂಬಾ ಒತ್ತಿ ಹೇಳಿದ್ದರು. ನೊರೆಯಲ್ಲಿ ಗಾಳಿಗುಳ್ಳೆ ಇರುತ್ತದೆ. ಎಳೆ ಎಳೆಯುವಾಗ ಗುಳ್ಳೆ ಒಡೆದರೆ ಅಲ್ಲೇ ಖಾಲಿ ಜಾಗ. ಹಾಗಾಗಿ ಮರದ ಚಮಚದಲ್ಲಿ ನಿಧಾನವಾಗಿ, ಒಂದೇ ಸಮ ತಿರುಗಿಸುತ್ತಾ ಹೋಗಬೇಕು. ಹತ್ತು ನಿಮಿಷಕ್ಕಿಂತ ಜಾಸ್ತಿಯೇ ಬೇಕಾಗುತ್ತದೆ. ಮೊದಲು ಬೂದು ಬಣ್ಣದ ಅಂಟಿನ ಹಾಗಿರುವುದು ಕ್ರಮೇಣ ಬೆಳ್ಳಗಾಗಿ ಹೊಳಪು ಪಡೆಯುತ್ತದೆ. ನಿಂಬೆರಸ ಬೇಗ ಗಟ್ಟಿಯಾಗಲು ಸಹಾಯ ಮಾಡುತ್ತದೆ, ಬಿಳುಪನ್ನೂ ಉಳಿಸುತ್ತದೆ.

ಹದ ನೋಡುವುದು ಹೇಗೆ? ಚಮಚ ಎತ್ತಿದಾಗ ತುದಿಯಲ್ಲಿ ಮೊನೆ ನಿಲ್ಲಬೇಕು, ಆ ಮೊನೆ ಸ್ವಲ್ಪ ಬಾಗಬೇಕು. ನೆಟ್ಟಗೆ ನಿಂತರೆ ಗಟ್ಟಿ ಜಾಸ್ತಿ, ಕೈ ನೋಯುತ್ತದೆ, ಎಳೆ ಮುರಿಯುತ್ತದೆ. ಮೊನೆ ಕರಗಿ ಸೇರಿಹೋದರೆ ಎಳೆ ಹರಡಿ ಚಪ್ಪಟೆಯಾಗುತ್ತದೆ. ಗಟ್ಟಿಗೆ ಎರಡು ಹನಿ ನೀರು, ಸಡಿಲಕ್ಕೆ ಒಂದು ಚಮಚ ಸಕ್ಕರೆ. ಬಟ್ಟಲನ್ನು ಒದ್ದೆ ಬಟ್ಟೆಯಿಂದ ಮುಚ್ಚಿಯೇ ಇಡಿ, ಬೇಗ ಪೊರೆ ಕಟ್ಟುತ್ತದೆ.

ಹಸಿ ಮೊಟ್ಟೆಯ ವಿಷಯವೂ ಹೇಳಲೇಬೇಕು. ಈ ಐಸಿಂಗ್ ಬೇಯುವುದಿಲ್ಲ. ಮನೆಯಲ್ಲಿ ಪುಟ್ಟ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ಇದ್ದರೆ ಪಾಶ್ಚರೀಕರಿಸಿದ ಬಿಳಿಭಾಗ ಅಥವಾ ಮೆರಿಂಗ್ ಪೌಡರ್ (ಒಣಗಿಸಿದ ಮೊಟ್ಟೆಯ ಬಿಳಿಭಾಗದ ಪುಡಿ) ಬಳಸಿ.

ಪೈಪಿಂಗ್ ಬ್ಯಾಗ್, ಸ್ಟೀಲ್ ನಳಿಕೆ ಏನೂ ಬೇಡ. ಇಲ್ಲಿನ ಅಜ್ಜಿಯರು ಬಳಸುವುದು ತೆಳ್ಳಗಿನ ಪ್ಲಾಸ್ಟಿಕ್ ಚೀಲ. ಎರಡು ಚಮಚ ಐಸಿಂಗ್ ಹಾಕಿ, ಮೂಲೆಗೆ ಸೇರಿಸಿ, ಮೇಲೆ ಗಂಟು ಹಾಕುತ್ತಾರೆ. ಮೂಲೆಯನ್ನು ಚೂಪಾದ ಕತ್ತರಿಯಿಂದ ಸೂಜಿ ಮೊನೆಯಷ್ಟು ಮಾತ್ರ ಕತ್ತರಿಸುತ್ತಾರೆ. ಕತ್ತರಿ ಓರೆಯಾಗಿ ಹೋದರೆ ಎಳೆ ಸುರುಳಿ ಸುತ್ತುತ್ತದೆ, ಚೀಲ ಬದಲಾಯಿಸಿಬಿಡಿ. ನಾನು ಬೇಕಿಂಗ್ ಕಾಗದದ ಕೋನ್ ಸುತ್ತಿಕೊಳ್ಳುತ್ತೇನೆ. ಮೆಹಂದಿ ಕೋನ್ ಹಿಡಿದು ಅಭ್ಯಾಸ ಇರುವವರಿಗೆ ಇದು ಕೈಗೆ ಸಲೀಸು.

ಎಳೆ ಹಾಕುವ ಕೈಚಳಕಕ್ಕೆ ಬರೋಣ. ಚೀಲದ ತುದಿಯನ್ನು ಕುಕೀಸ್‌ಗೆ ತಾಗಿಸಿ ಉಜ್ಜಿಕೊಂಡು ಹೋಗಬಾರದು. ರಂಗೋಲಿ ಹಾಕುವಾಗ ಬೆರಳು ನೆಲಕ್ಕೆ ತಾಗುವುದಿಲ್ಲ, ಪುಡಿ ಮೇಲಿನಿಂದ ಬೀಳುತ್ತದೆ, ಅಲ್ವಾ? ಇಲ್ಲೂ ಹಾಗೆಯೇ. ಶುರುವಿನಲ್ಲಿ ತುದಿಯನ್ನು ತಾಗಿಸಿ, ಒತ್ತಿ, ಎಳೆ ಅಂಟಿಕೊಂಡ ಕೂಡಲೇ ಒಂದು ಸೆಂಟಿಮೀಟರಿನಷ್ಟು ಮೇಲಕ್ಕೆತ್ತಿ. ಎಳೆ ಗಾಳಿಯಲ್ಲಿ ತೂಗುತ್ತಾ ಬರುತ್ತದೆ. ನೀವು ದಾರಿ ತೋರಿಸಬೇಕು, ಅದು ತಾನಾಗಿ ಕೂರುತ್ತದೆ. ಮುಗಿಯುವ ಜಾಗಕ್ಕೆ ಸ್ವಲ್ಪ ಮೊದಲೇ ಒತ್ತುವುದನ್ನು ನಿಲ್ಲಿಸಿ ತುದಿಯನ್ನು ಕೆಳಗಿಳಿಸಿ. ಆಗ ಕೊನೆಯಲ್ಲಿ ಗಂಟು ಬೀಳುವುದಿಲ್ಲ. ಕೈ ನಡುಗುತ್ತಿದ್ದರೂ ಎತ್ತರದಿಂದ ಬಿಟ್ಟ ಎಳೆ ನೆಟ್ಟಗೇ ಬರುತ್ತದೆ, ಏಕೆಂದರೆ ಸಣ್ಣ ನಡುಕ ಆ ತೂಗುವ ಎಳೆಯಲ್ಲೇ ಕಳೆದುಹೋಗುತ್ತದೆ. ಎಪ್ಪತ್ತು ದಾಟಿದ ಅಜ್ಜಿಯ ಕೈಯಲ್ಲಿ ಇದನ್ನು ನಾನೇ ನೋಡಿದ್ದೇನೆ.

ದುಂಡನೆಯ ರೇಖೆಗೆ ಕೈ ತಿರುಗಿಸಬೇಡಿ, ಕುಕೀಸ್ ತಿರುಗಿಸಿ. ಮೊದಲು ಅಂಚು, ಆಮೇಲೆ ನಡುವಿನ ಹೂವು ಅಥವಾ ಬಲೆ, ಕೊನೆಗೆ ಚುಕ್ಕಿ. ಅಂಚಿಗೆ ನಾನು ಹೆಚ್ಚಾಗಿ ಪುಟ್ಟ ಕಮಾನುಗಳ ಸಾಲು ಹಾಕುತ್ತೇನೆ. ಬಲೆ ಹೆಣೆಯಬೇಕಾದರೆ ಒಂದು ದಿಕ್ಕಿನ ಗೆರೆಗಳನ್ನೆಲ್ಲ ಮುಗಿಸಿ, ಸ್ವಲ್ಪ ಒಣಗಲು ಬಿಟ್ಟು, ಆಮೇಲೆ ಅಡ್ಡ ಗೆರೆಗಳನ್ನು ಹಾಕಿ. ಹಸಿ ಗೆರೆಯ ಮೇಲೆ ಹಾಕಿದರೆ ಎರಡೂ ಸೇರಿ ಮುದ್ದೆಯಾಗುತ್ತದೆ. ಚುಕ್ಕಿಗೆ ಬಾಲ ಬಂದರೆ ಒದ್ದೆ ಬ್ರಷ್‌ನಿಂದ ಮೆಲ್ಲಗೆ ಒತ್ತಿದರಾಯಿತು. ತಪ್ಪಿದ ಎಳೆಯನ್ನು ಹಸಿ ಇರುವಾಗಲೇ ಟೂತ್‌ಪಿಕ್‌ನಿಂದ ಎತ್ತಿ ತೆಗೆಯಬಹುದು.

ನನಗೆ ಅಚ್ಚುಮೆಚ್ಚಿನ ಆಕಾರ ಮೀನು. ಜೆಕ್ ಜನರ ಮುಖ್ಯ ಹಬ್ಬ ಡಿಸೆಂಬರ್ 24ರ ಸಂಜೆ. ಆ ಊಟದಲ್ಲಿ ಕಾರ್ಪ್ ಮೀನು ಇರಬೇಕು, ಹಾಗಾಗಿ ಪೆರ್ನೀಚ್ಕಿಯಲ್ಲೂ ಮೀನು ಇರುತ್ತದೆ. ಅದರ ಹುರುಪೆ ಬಿಡಿಸುವುದಕ್ಕೆ ಒಂದು ಕ್ರಮ ಇದೆ. ಬಾಲದ ಕಡೆಯಿಂದ ಶುರು ಮಾಡಿ ತಲೆಯ ಕಡೆಗೆ ಹೋಗಬೇಕು. ಬಾಲದ ಕಡೆಗೆ ಉಬ್ಬಿದ ಪುಟ್ಟ ಅರೆವೃತ್ತಗಳ ಒಂದು ಸಾಲು. ಮುಂದಿನ ಸಾಲಿನ ಅರೆವೃತ್ತ ಹಿಂದಿನ ಸಾಲಿನ ಎರಡರ ನಡುವೆ ಬರಬೇಕು. ಹೀಗೆ ಮಾಡಿದರೆ ಹೊಸ ಸಾಲು ಹಳೆಯ ಸಾಲಿನ ತುದಿಗಳನ್ನು ಮುಚ್ಚಿಕೊಂಡು ಬರುತ್ತದೆ. ತಲೆಯಿಂದ ಶುರು ಮಾಡಿದರೆ ತುದಿಗಳೆಲ್ಲ ಹೊರಗೆ ಕಾಣುತ್ತವೆ. ಕಿವಿರಿಗೆ ಒಂದು ದಪ್ಪ ಗೆರೆ, ಕಣ್ಣಿಗೆ ಒಂದು ಚುಕ್ಕಿ, ಬಾಲಕ್ಕೆ ಬೀಸಣಿಗೆಯಂತೆ ನಾಲ್ಕೈದು ಎಳೆ.

ಬಣ್ಣ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಉತ್ತರ ಕ್ರೊಯೇಷಿಯಾದಲ್ಲಿ ಕೆಂಪು ಬಣ್ಣ ಬಳಿದ ಜಿಂಜರ್‌ಬ್ರೆಡ್ ಹೃದಯಗಳಿವೆ, ನಡುವೆ ಪುಟ್ಟ ಕನ್ನಡಿ ಕೂಡ ಇರುತ್ತದೆ. ಆ ಕಸುಬು 2010ರಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು. ಬಹಳ ಚಂದ. ನಿಮಗೆ ಬಣ್ಣ ತುಂಬಬೇಕಿದ್ದರೆ ಮೊದಲು ಗಟ್ಟಿ ಐಸಿಂಗ್‌ನಿಂದ ಅಂಚು ಕಟ್ಟಿ, ಒಳಗೆ ನೀರು ಬೆರೆಸಿದ ಸಡಿಲ ಐಸಿಂಗ್ ಬಿಡಿ. ಚಮಚದಿಂದ ಬಿದ್ದ ಗೆರೆ ಹತ್ತು ಎಣಿಸುವಷ್ಟರಲ್ಲಿ ಮಾಯವಾಗುವ ಹದ ಇರಲಿ. ಬಣ್ಣ ಜೆಲ್ ಆಗಿರಲಿ, ನೀರಿನ ಬಣ್ಣ ಹದ ಕೆಡಿಸುತ್ತದೆ. ಆದರೆ ನನ್ನ ಮನಸ್ಸು ಮಾತ್ರ ಬಿಳಿಯ ಕಡೆಗೇ. ಕಂದು ಬಣ್ಣ ಅರ್ಧಕ್ಕಿಂತ ಜಾಸ್ತಿ ಕಾಣುತ್ತಿರಬೇಕು. ಅಷ್ಟು ಜತನದಿಂದ ಹೊಳಪು ತಂದು ಅದನ್ನು ಪೂರ್ತಿ ಮುಚ್ಚಿಬಿಟ್ಟರೆ ನನಗೆ ಹೊಟ್ಟೆ ಉರಿಯುತ್ತದೆ.

ಈ ದೇಶದಲ್ಲಿ ಜಿಂಜರ್‌ಬ್ರೆಡ್‌ಗೆ ಹೆಸರಾದ ಊರು ಪಾರ್ದುಬಿತ್ಸೆ. ಹಿಂದಿನ ಕಾಲದಲ್ಲಿ ಹಿಟ್ಟನ್ನು ಕೆತ್ತಿದ ಮರದ ಅಚ್ಚಿಗೆ ಒತ್ತಿ ಚಿತ್ರ ಮೂಡಿಸುತ್ತಿದ್ದರು. ಕುದುರೆ ಸವಾರ, ಬಟ್ಟೆಯಲ್ಲಿ ಸುತ್ತಿದ ಮಗು, ಹೃದಯ. ಅಂಥ ಅಚ್ಚುಗಳನ್ನು ಇಲ್ಲಿನ ಮ್ಯೂಸಿಯಂಗಳಲ್ಲಿ ಈಗಲೂ ನೋಡಬಹುದು. ಸಕ್ಕರೆ ಆಗ ದುಬಾರಿ. ಬೀಟ್‌ರೂಟ್ ಜಾತಿಯ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಕಾರ್ಖಾನೆಗಳು 19ನೇ ಶತಮಾನದಲ್ಲಿ ಬಂದ ಮೇಲೆಯೇ ಬಿಳಿ ಐಸಿಂಗ್ ಸಾಮಾನ್ಯರ ಕೈಗೆ ಬಂದದ್ದು. ಸಕ್ಕರೆ ಕ್ಯೂಬ್‌ಗೆ ಮೊದಲ ಪೇಟೆಂಟ್ ಸಿಕ್ಕಿದ್ದು ಕೂಡ ಇದೇ ನಾಡಿನ ದಾಚಿತ್ಸೆ ಊರಿನಲ್ಲಿದ್ದ ಯಾಕುಬ್ ಕ್ರಿಶ್ತೋಫ್ ರಾದ್ ಅವರಿಗೆ, 1843ರಲ್ಲಿ.

ಫೋನಿನಲ್ಲಿ ಅಮ್ಮ ಕೇಳುವ ಮೊದಲ ಪ್ರಶ್ನೆ, "ಮೊಟ್ಟೆ ಹಾಕಿದ್ದೀಯೇನೇ?" ಅಮ್ಮ ಬಂದಾಗ ಮೊಟ್ಟೆ ಇಲ್ಲದೆಯೂ ಮಾಡಿದ್ದೇನೆ. ಹಿಟ್ಟಿಗೆ ಮೊಟ್ಟೆಯ ಬದಲು ಹಾಲು, ಕಲಸಲು ಬೇಕಾಗುವಷ್ಟು. ಐಸಿಂಗ್‌ಗೆ ಉಪ್ಪು ಹಾಕದೆ ಬೇಯಿಸಿದ ಕಾಬೂಲಿ ಕಡಲೆಯ ನೀರು. ಅದನ್ನು ಕುದಿಸಿ ಇಂಗಿಸಿ, ತಣ್ಣಗಾದ ಮೇಲೆ ಲೋಳೆಯಂತಾದರೆ ಸರಿಯಾಗಿದೆ ಅಂತ. ಒಂದು ಬಿಳಿಭಾಗದ ಬದಲು ಈ ನೀರು ದೊಡ್ಡ ಚಮಚದಲ್ಲಿ 2. ಕಡಲೆಯ ವಾಸನೆ ನಿಂಬೆರಸ ಮತ್ತು ಸಕ್ಕರೆಯಲ್ಲಿ ಅಡಗಿಹೋಗುತ್ತದೆ. ಎಳೆ ಚೆನ್ನಾಗಿಯೇ ಬರುತ್ತದೆ, ಒಣಗಲು ಮಾತ್ರ ಹೆಚ್ಚು ಹೊತ್ತು ಬೇಕು, ಒಣಗಿದ ಮೇಲೂ ಬೇಗ ಉದುರುತ್ತದೆ. ಹಾಗಾಗಿ ಒಂದರ ಮೇಲೊಂದು ಜೋಡಿಸಬೇಡಿ. ಬೇಯಿಸುವ ಮೊದಲು ಹಾಲು ಸವರಿದರೆ ಸ್ವಲ್ಪ ಹೊಳಪು ಬರುತ್ತದೆ. ಮೊಟ್ಟೆಯಷ್ಟು ಬರುವುದಿಲ್ಲ.

ಒಣಗಲು ಇಲ್ಲಿ ಒಂದು ರಾತ್ರಿ ಸಾಕು. ಚಳಿಗಾಲದಲ್ಲಿ ಹೀಟರ್ ಉರಿಯುತ್ತಿರುವುದರಿಂದ ಮನೆಯೊಳಗಿನ ಗಾಳಿ ಒಣಗಿರುತ್ತದೆ. ಮಂಗಳೂರು, ಉಡುಪಿ ಕಡೆ ಗಾಳಿಯಲ್ಲಿ ತೇವ ಜಾಸ್ತಿ. ಅಲ್ಲಿ ಮಾಡುವವರು ಓವನ್ ಅನ್ನು 50-60 ಡಿಗ್ರಿಯಲ್ಲಿಟ್ಟು, ಬಾಗಿಲು ಸ್ವಲ್ಪ ತೆರೆದು, ಹದಿನೈದು ಇಪ್ಪತ್ತು ನಿಮಿಷ ಒಣಗಿಸಿ. ಆರಿದ ಕೂಡಲೇ ಡಬ್ಬಿಗೆ ಹಾಕಿ ಮುಚ್ಚಿ.

ಇಲ್ಲಿ ನವೆಂಬರ್ ಕೊನೆಗೆ, ಹೆಚ್ಚೆಂದರೆ ಡಿಸೆಂಬರ್ ಮೊದಲ ವಾರಕ್ಕೆ ಪೆರ್ನೀಚ್ಕಿ ಮಾಡಿ ಮುಗಿಸುತ್ತಾರೆ. ಬೆಂದ ಹೊಸದರಲ್ಲಿ ಅವು ಕಲ್ಲಿನಂತೆ ಗಟ್ಟಿ. ತಗಡಿನ ಡಬ್ಬಿಯಲ್ಲಿ ಕಾಗದದ ಪದರ ಹಾಕಿ ಇಟ್ಟರೆ ಎರಡು ಮೂರು ವಾರದಲ್ಲಿ ಮೆತ್ತಗಾಗುತ್ತವೆ, ಮಸಾಲೆಯ ಪರಿಮಳವೂ ಆಗಲೇ ಚೆನ್ನಾಗಿ ಕೂಡಿಕೊಳ್ಳುವುದು. ಬೇಗ ಬೇಕಿದ್ದರೆ ಡಬ್ಬಿಯೊಳಗೆ ಪುಟ್ಟ ಬಟ್ಟಲಿನಲ್ಲಿ ಒಂದು ಹೋಳು ಸೇಬು ಇಡಿ. ಐಸಿಂಗ್‌ಗೆ ತಾಗಬಾರದು, ದಿನವೂ ನೋಡುತ್ತಿರಬೇಕು, ಹೋಳು ಬಾಡುವ ಮೊದಲೇ ಬದಲಾಯಿಸಬೇಕು. ಇಲ್ಲದಿದ್ದರೆ ಬೂಷ್ಟು ಬರುತ್ತದೆ. ಮರಕ್ಕೆ ನೇತುಹಾಕುವಂಥವನ್ನು ಮೆತ್ತಗೆ ಮಾಡಬೇಡಿ, ದಾರದ ತೂತಿನ ಹತ್ತಿರ ಹರಿದು ಬೀಳುತ್ತವೆ.

ಎಷ್ಟು ಜೋಪಾನ ಮಾಡಿದರೂ ಕೆಲವು ಮುರಿಯುತ್ತವೆ. ಇಲ್ಲಿ ಯಾರೂ ಎಸೆಯುವುದಿಲ್ಲ. ಒಣಗಿದ ಜಿಂಜರ್‌ಬ್ರೆಡ್ ತುರಿದು ಹಬ್ಬದ ಮೀನಿನ ಕಪ್ಪು ಸಾರಿಗೆ ಹಾಕುವ ಮನೆಗಳೂ ಇವೆ. ಮೊಟ್ಟೆ ಬಿಟ್ಟರೆ ನಾವು ಸಸ್ಯಾಹಾರಿಗಳು. ನಾನು ಹಾಲಿನಲ್ಲಿ ಬೇಯಿಸಿದ ಬಿಸಿ ರವೆಯ ಮೇಲೆ ತುರಿದು ಉದುರಿಸಿ, ಒಂದು ಚಮಚ ತುಪ್ಪ ಹಾಕಿ ಮಕ್ಕಳಿಗೆ ಕೊಡುತ್ತೇನೆ. ತುಂಡುಗಳನ್ನು ಬೇರೆ ಡಬ್ಬಿಯಲ್ಲಿಟ್ಟರೆ ಜನವರಿ ಪೂರ್ತಿ ಬರುತ್ತವೆ.